ಸ್ಟೋರ್ಸಿನಲ್ಲಿ ಉಳಿದವಳು

ಕಾರ್ಖಾನೆ ಪೀಣ್ಯ ಬಿಟ್ಟು ಹೋಗುವಾಗ ಶಿವಲಿಂಗಮ್ಮನೊಬ್ಬಳನ್ನು ಬಿಟ್ಟುಹೋಯಿತು. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.

ನೀರೆತ್ತುವ ಪಂಪು ತಯಾರಿಸುವ ಆ ಕಾರ್ಖಾನೆ ಪೀಣ್ಯ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿ ಬಹಳ ಕಾಲದಿಂದ ಇತ್ತು. ಮಳೆ ಬಂದರೆ ಮುಂದಿನ ರಸ್ತೆ ಕೆರೆಯಾಗುತ್ತಿತ್ತು, ದೊಡ್ಡ ಲಾರಿ ತಿರುಗಿಸಲು ಜಾಗವಿರಲಿಲ್ಲ. ಮಾಲೀಕರು ಯೋಚಿಸಿ ಯೋಚಿಸಿ ಕೊನೆಗೆ ತುಮಕೂರಿನ ಆಚೆ ವಸಂತನರಸಾಪುರದಲ್ಲಿ ವಿಶಾಲವಾದ ಶೆಡ್ಡು ಕಟ್ಟಿಸಿದರು. ಬೇಸಿಗೆ ಮುಗಿಯುವುದರೊಳಗೆ ಲೇತು, ಡ್ರಿಲ್ಲಿಂಗ್ ಮಷೀನು, ಬಣ್ಣ ಹೊಡೆಯುವ ಬೂತು ಎಲ್ಲವೂ ಒಂದೊಂದಾಗಿ ಹೋದವು. ಹಿಂದೆಯೇ ಜನರೂ ಹೋದರು. ಬೆಳಗಾದರೆ ಎಂಟನೇ ಮೈಲಿಯಲ್ಲಿ ಕಂಪನಿ ಬಸ್ಸು ಹತ್ತಿ ಹೊಸ ಜಾಗಕ್ಕೆ ಹೋಗಿ ಬರತೊಡಗಿದರು. ಸ್ಟೋರ್ಸ್ ಮಾತ್ರ ಹಿಂದೆ ಉಳಿಯಿತು. ಹೊಸ ಶೆಡ್ಡಿನಲ್ಲಿ ಸಾಮಾನು ಇಡುವ ರ‍್ಯಾಕುಗಳು ಇನ್ನೂ ಸಿದ್ಧವಾಗಿರಲಿಲ್ಲ. ಬೇಕಾದಷ್ಟನ್ನು ಬೇಕಾದಾಗ ತರಿಸಿಕೊಳ್ಳುತ್ತೇವೆ ಅಂದರು.

ಸ್ಟೋರ್ಸಿನಲ್ಲಿ ಬಂದ ಮಾಲು, ಹೋದ ಮಾಲು ಎಲ್ಲವನ್ನೂ ಕಂಪ್ಯೂಟರಿಗೆ ಹಾಕುವ ಕೆಲಸ ಶಿವಲಿಂಗಮ್ಮನದು. ಚೀಟಿಯಲ್ಲಿ ಬರೆದ ನಂಬರು ನೋಡುವುದು, ಪರದೆಯ ಮೇಲೆ ಅದೇ ನಂಬರು ಒತ್ತುವುದು, ಎಷ್ಟು ಎಂದು ತುಂಬುವುದು, ಮುಂದಿನ ಚೀಟಿ ತೆಗೆಯುವುದು. ಸಾಮಾನುಗಳ ವಿಭಾಗಕ್ಕೆ ಮುಖ್ಯಸ್ಥನಾದ ಹರ್ಷವರ್ಧನ್ ಚಿಕ್ಕ ವಯಸ್ಸಿನವನು, ಅವಸರದವನು, ಆದರೆ ಕೆಟ್ಟವನಲ್ಲ. ಅವನೇ ಅವಳ ಮೇಜಿನ ಹತ್ತಿರ ಬಂದು ಕೇಳಿದ.

"ಮೇಡಂ, ಎರಡೇ ತಿಂಗಳು. ಲೋಡ್ ಹೋದ ಹಾಗೆ ಸಿಸ್ಟಮ್‌ನಲ್ಲಿ ಔಟ್ ಮಾಡ್ತಾ ಬನ್ನಿ, ಅಷ್ಟೇ ಕೆಲಸ. ಮನೇಲಿ ಕೇಳಿ ಹೇಳಿ ಬೇಕಾದ್ರೆ."

ಅವನು ಕೇಳುವ ಮೊದಲೇ ಸ್ಟೋರ್ಸಿನ ಉಳಿದವರೆಲ್ಲ ಹುಷಾರಾಗಿದ್ದರು. ಹಿಂದೆ ಉಳಿದವರನ್ನು ಕೊನೆಗೆ ಮನೆಗೆ ಕಳಿಸುತ್ತಾರಂತೆ ಎಂಬ ಮಾತು ಕ್ಯಾಂಟೀನಿನಲ್ಲಿ ಹರಿದಾಡಿತ್ತು. ಒಬ್ಬನಿಗೆ ಮಗಳ ಪರೀಕ್ಷೆ, ಇನ್ನೊಬ್ಬನಿಗೆ ಹೆಂಡತಿ ಒಪ್ಪಲಿಲ್ಲ. ಶಿವಲಿಂಗಮ್ಮನಿಗೆ ಮನೆಯಲ್ಲಿ ಕೇಳಲು ಯಾರೂ ಇರಲಿಲ್ಲ. "ಆತ್ರಿ ಸರ್" ಅಂದುಬಿಟ್ಟಳು.

ಅವಳು ಕುಷ್ಟಗಿ ಕಡೆಯ ಹಳ್ಳಿಯವಳು. ಪಿಯುಸಿ ಮುಗಿದ ವರ್ಷವೇ ಇರಣ್ಣನಿಗೆ ಕೊಟ್ಟು ಮದುವೆ ಮಾಡಿದ್ದರು. ಇರಣ್ಣ ಇದೇ ಕಾರ್ಖಾನೆಯಲ್ಲಿ ಟರ್ನರ್. ಲೇತಿನ ಮೇಲೆ ಕಬ್ಬಿಣ ತಿರುಗಿಸಿ ತಿರುಗಿಸಿ ಅವನ ಅಂಗೈ ಗೆರೆಗಳಲ್ಲಿ ಕಪ್ಪು ಕೂತುಬಿಟ್ಟಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬಾಗಲಗುಂಟೆಯಲ್ಲಿ ಒಂದು ರೂಮು ಮಾಡಿ ಸಂಸಾರ ಹೂಡಿದರು. ಮಕ್ಕಳಾಗಲಿಲ್ಲ. ಆಸ್ಪತ್ರೆಗೆ ಅಲೆದು, ದೇವರಿಗೆ ಹರಕೆ ಹೊತ್ತು, ಕಡೆಗೆ ಇಬ್ಬರೂ ಆ ಮಾತು ಎತ್ತುವುದನ್ನೇ ಬಿಟ್ಟರು. ಆಮೇಲೆ ಇರಣ್ಣನಿಗೆ ಕಾಮಾಲೆ ಬಂತು. ಊರಿನ ನಾಟಿ ಔಷಧಿಯಲ್ಲಿ ಹೋಗುತ್ತದೆ ಅಂದುಕೊಂಡಿದ್ದು ಯಕೃತ್ತಿಗೇ ಇಳಿದಿತ್ತು. ಅವನು ಹೋದ ಮೇಲೆ ಅಣ್ಣಂದಿರು ಊರಿಗೆ ಬಾ ಅಂದರು. ಬಾ ಅನ್ನುವಾಗ ಅತ್ತಿಗೆಯರು ಒಳಗೆ ಹೋದದ್ದನ್ನು ಇವಳು ನೋಡಿದಳು. ಕಂಪನಿಯವರು ಕರುಣೆಯಿಂದ ಕೆಲಸ ಕೊಡುತ್ತೇವೆ ಅಂದಾಗ ದಾಸರಹಳ್ಳಿಯ ಕಂಪ್ಯೂಟರ್ ತರಗತಿಗೆ ಸೇರಿದಳು. ತನ್ನ ಅರ್ಧ ವಯಸ್ಸಿನ ಹುಡುಗಿಯರ ನಡುವೆ ಕೂತು ಕೀಲಿಗಳನ್ನು ಒತ್ತಲು ಕಲಿತಳು.

ಅವಳ ಮೇಜು ಸ್ಟೋರ್ಸಿನ ಗೋಡೆಗೆ ಹೊಂದಿಕೊಂಡಿತ್ತು. ಗೋಡೆಯ ಆ ಕಡೆ ಲೇತುಗಳ ಸಾಲು. ಇರಣ್ಣನ ಲೇತಿನ ಮುಂದೆ ಆಗ ಬೇರೆ ಯಾರೋ ನಿಲ್ಲುತ್ತಿದ್ದರು. ಆದರೆ ಸದ್ದು ಅದೇ. ಕಬ್ಬಿಣಕ್ಕೆ ಉಳಿ ತಾಗಿದಾಗ ಮೊದಲು ಒಂದು ಕೀರಲು, ಆಮೇಲೆ ಸಮನಾದ ಗುಂಯ್. ವರ್ಷಗಟ್ಟಲೆ ಆ ಗುಂಯ್‌ಗುಡುವಿಕೆಯ ಮೇಲೆಯೇ ಅವಳ ಬೆರಳುಗಳು ಓಡಿದ್ದವು. ಆ ಲೇತನ್ನು ಕ್ರೇನಿನಿಂದ ಎತ್ತಿ ಟ್ರೈಲರಿಗೆ ಇಳಿಸಿದ ದಿನ ಅವಳು ಬಾಗಿಲಲ್ಲಿ ನಿಂತು ನೋಡಿದಳು. ಸರಪಳಿ ಬಿಗಿಯುತ್ತಿದ್ದವನು "ಪಕ್ಕಕ್ಕೆ ಓಗಿ ಮೇಡಂ, ತಾಗ್ಬಿಡ್ತದೆ" ಅಂದ. ಅವಳು ಪಕ್ಕಕ್ಕೆ ಹೋದಳು. ಲೇತು ನಿಂತಿದ್ದ ಕಡೆ ನೆಲದಲ್ಲಿ ಎಣ್ಣೆ ಕುಡಿದ ಕಪ್ಪು ಚೌಕವೊಂದು ಉಳಿಯಿತು.

ಎರಡು ತಿಂಗಳು ಅಂದದ್ದು ಮುಂದಕ್ಕೆ ಹೋಗುತ್ತಲೇ ಇತ್ತು. ರ‍್ಯಾಕು ಮಾಡುವವನು ಕೈಕೊಟ್ಟನಂತೆ, ಕರೆಂಟಿನ ಕೆಲಸ ಮುಗಿದಿಲ್ಲವಂತೆ. ವಾರದಲ್ಲಿ ಒಂದೆರಡು ಸಲ ಲಾರಿ ಬರುತ್ತಿತ್ತು. ಹಮಾಲರು ಬೇರಿಂಗು, ಸೀಲು, ಮೋಟಾರಿನ ಹೊದಿಕೆಗಳನ್ನು ತುಂಬಿಕೊಂಡು, ಒಂದಿಷ್ಟು ಬೈದಾಡಿಕೊಂಡು, ಟೀ ಕುಡಿದು ಹೋಗುತ್ತಿದ್ದರು. ಆ ಚೀಟಿಗಳನ್ನು ಕಂಪ್ಯೂಟರಿಗೆ ಹಾಕಲು ಅವಳಿಗೆ ಒಂದು ಬೆಳಗು ಸಾಕು. ಮಿಕ್ಕ ದಿನಗಳಲ್ಲಿ ಅಷ್ಟು ದೊಡ್ಡ ಶೆಡ್ಡಿನಲ್ಲಿ ಅವಳು, ಒಂದು ಫ್ಯಾನು, ತಗಡಿನ ಸೂರಿನ ಮೇಲೆ ಕಾಲಾಡಿಸುವ ಪಾರಿವಾಳಗಳು. ಕೆಲಸ ಬೇಗ ಮುಗಿದರೆ ಹೊತ್ತು ಹೋಗುವುದಿಲ್ಲವೆಂದು ಅವಳು ನಿಧಾನವಾಗಿ ಟೈಪು ಮಾಡುವುದನ್ನು ಅಭ್ಯಾಸ ಮಾಡಿಕೊಂಡಳು.

ಒಂದು ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಂಗಸು "ದಾಸ್ರಳ್ಳಿ ಬಂತಾ ಅಕ್ಕಾ?" ಎಂದು ಕೇಳಿದಳು. ಶಿವಲಿಂಗಮ್ಮ ಉತ್ತರಿಸಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಗಂಟಲು ಕೆರೆದುಕೊಂಡು ಮತ್ತೆ ಯತ್ನಿಸಿದಾಗ ಯಾರದೋ ಒಡಕು ದನಿ ಬಂದಂತಾಯಿತು. ಆಗ ಹೊಳೆಯಿತು: ಬೆಳಗಿನಿಂದ ಒಂದು ಮಾತನ್ನೂ ಆಡಿಲ್ಲ. ಕಂಡಕ್ಟರ್ ಆಧಾರ್ ನೋಡಿ ಟಿಕೆಟ್ ಹರಿದುಕೊಟ್ಟಿದ್ದ. ಹಾಲಿನ ಅಂಗಡಿಯವನು ಮುಖ ಕಂಡೊಡನೆ ಪ್ಯಾಕೆಟ್ಟು ಮುಂದೆ ತಳ್ಳಿದ್ದ. ಎಲ್ಲೂ ಮಾತೇ ಬೇಕಾಗಿರಲಿಲ್ಲ. ಆವತ್ತು ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ರೊಟ್ಟಿ ಬಡಿಯುತ್ತಾ ಸುಮ್ಮನೆ ಏನಾದರೂ ಹೇಳಬೇಕೆಂದು, "ಉಪ್ಪು ಜಾಸ್ತಿ ಆತೇನ" ಎಂದಳು ಗಟ್ಟಿಯಾಗಿ. ಹೇಳಿದ ಮೇಲೆ ನಾಚಿಕೆಯಾಯಿತು.

ಗೇಟಿನಲ್ಲಿ ಹಗಲು ಕಾವಲಿಗಿದ್ದವನು ಕೃಷ್ಣಪ್ಪ. ಅರವತ್ತು ದಾಟಿದ ಮನುಷ್ಯ, ಖಾಕಿ ಅಂಗಿಯ ಮೇಲೆ ಸದಾ ಒಂದು ಟವೆಲ್ಲು. ಅಷ್ಟು ವರ್ಷ ಅವನ ಜೊತೆ ಅವಳಿಗೆ ನಮಸ್ಕಾರದ ಸಂಬಂಧವಷ್ಟೇ. ಬಸ್ಸಿನ ಆ ಸಂಜೆಯ ಮರುದಿನ ಊಟದ ಹೊತ್ತಿಗೆ ಅವಳು ಡಬ್ಬಿ ಹಿಡಿದು ಗೇಟಿನ ಕೋಣೆಯವರೆಗೆ ನಡೆದು ಹೋದಳು. ಅವನು ದಿಗ್ಗನೆ ಎದ್ದು ನಿಂತ.

"ಏನಾಯ್ತು ಮೇಡಮ್ನೋರೆ? ಕರೆಂಟ್ ಓಯ್ತಾ?"

"ಏನಿಲ್ರಿ. ಒಳಗ ಒಬ್ಬಾಕೀನೇ ಉಣ್ಣಾಕ ಬ್ಯಾಸರ ಆತು. ಇಲ್ಲಿ ಕೂಡಬಹುದೇನ್ರಿ?"

ಕೃಷ್ಣಪ್ಪ ತನ್ನ ಕುರ್ಚಿಯನ್ನು ಟವೆಲ್ಲಿನಿಂದ ಜಾಡಿಸಿ ಅವಳ ಕಡೆ ನೂಕಿದ. ತಾನು ಮೆಟ್ಟಿಲ ಮೇಲೆ ಕೂತ. ಅವನ ಡಬ್ಬಿಯಲ್ಲಿ ಮುದ್ದೆ, ಸೊಪ್ಪಿನ ಸಾರು. ಅವಳದರಲ್ಲಿ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅವಳು ಒಂದು ರೊಟ್ಟಿ ಕೊಟ್ಟಳು. ಹಿಂದಿನ ಹಲ್ಲುಗಳಿಲ್ಲದ ಕೃಷ್ಣಪ್ಪ ಅದನ್ನು ಕಡಿಯಲು ಹೋಗಿ ಸೋತು, ಕಡೆಗೆ ಸಾರಿನಲ್ಲಿ ಅದ್ದಿ ಇಟ್ಟುಕೊಂಡ.

"ನಿಮ್ ಕಡೆ ಇದನ್ನ ತಿಂತಾರೋ, ಇಲ್ಲ ತಗಡಿನಂಗೆ ಮನೆ ಮೇಲೆ ಒದಿಸ್ತಾರೋ?"

ಶಿವಲಿಂಗಮ್ಮ ನಕ್ಕಳು. ನಕ್ಕಿದ್ದು ತನಗೇ ಹೊಸದೆನಿಸಿತು. "ನನ್ನನ್ನ ಮೇಡಂ ಅನ್ನಬ್ಯಾಡ್ರಿ" ಅಂದಳು. ಅವತ್ತಿನಿಂದ ಅವನು "ಅವ್ವ" ಅನ್ನತೊಡಗಿದ.

ಹಾಗೆ ಮಧ್ಯಾಹ್ನದ ಊಟ ಗೇಟಿಗೆ ವರ್ಗವಾಯಿತು. ಮಾತು ದೊಡ್ಡದೇನೂ ಇರುತ್ತಿರಲಿಲ್ಲ. ಸೊಪ್ಪಿನ ರೇಟು, ಮೆಟ್ರೋ ಕೆಳಗಿನ ಟ್ರಾಫಿಕ್ಕು, ಎದುರಿನ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಬಿಡುವಿನಲ್ಲಿ ಕಡಲೆಕಾಯಿ ಗಾಡಿಗೆ ಮುತ್ತಿಕೊಳ್ಳುವುದು. ಕೃಷ್ಣಪ್ಪನಿಗೆ ಸಂಬಳಕ್ಕಾಗಿ ದುಡಿಯುವ ದರ್ದೇ ಇರಲಿಲ್ಲವೆಂದು ಅವಳಿಗೆ ಗೊತ್ತಾದದ್ದು ತಡವಾಗಿ. ಎಂಟನೇ ಮೈಲಿಯ ಹತ್ತಿರ ಅವನದೇ ಮೂರಂತಸ್ತಿನ ಮನೆ, ಕೆಳಗಿನ ಅಂತಸ್ತಿನಲ್ಲಿ ಬಾಡಿಗೆಯವರು.

"ಮತ್ಯಾಕ್ರಿ ಬಿಸಲಾಗ ಬಂದು ಕೂಡ್ತೀರಿ?" ಎಂದು ಕೇಳಿದಳು.

ಅವನು ಗೇಟಿನಾಚೆ ನೋಡುತ್ತಾ ಹೇಳಿದ: "ನಮ್ಮನೆಯೋಳು ರಾಮಮ್ಮ ಇರೋಗಂಟ ಮನೇಲಿ ಜಗಳನಾದ್ರೂ ಇತ್ತು ಕಣವ್ವ. ಅವ್ಳು ಓದ್ಮೇಲೆ ಅದೂ ಇಲ್ಲ. ಮಗ ಮೊಬೈಲು, ಸೊಸೆ ಮೊಬೈಲು, ಮೊಮ್ಮಕ್ಳು ಮೊಬೈಲು. ಒಟ್ಟೆಗೆ ಆಕ್ತಾರೆ, ಇಲ್ಲ ಅನ್ನಂಗಿಲ್ಲ. ಇಲ್ಲಿ ಬಂದ್ರೆ ಲಾರಿಯೋನು 'ಗೇಟು ತೆಗಿ ತಾತ' ಅಂತಾನಾದ್ರೂ ಕೂಗ್ತಾನೆ."

ಆಯುಧಪೂಜೆ ಬಂತು. ಮೊದಲೆಲ್ಲ ಆ ದಿನ ಕಾರ್ಖಾನೆ ಮದುವೆಮನೆಯಾಗುತ್ತಿತ್ತು. ಮಷೀನುಗಳಿಗೆ ಬಾಳೆಕಂದು, ಚೆಂಡುಹೂವು; ಎಲ್ಲರ ಕೈಗೂ ಕಡ್ಲೆಪುರಿ, ಬೂಂದಿಯ ಪೊಟ್ಟಣ. ಈ ಸಲ ಪೂಜೆಯೆಲ್ಲ ವಸಂತನರಸಾಪುರದಲ್ಲಿ. ಕಾರ್ಖಾನೆಯ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋಗಳು ಬರುತ್ತಿದ್ದವು. ಹಳೆಯ ಗೆಳತಿಯರು ರೇಷ್ಮೆಸೀರೆಯುಟ್ಟು ಹೊಸ ಮಷೀನಿನ ಮುಂದೆ ಸಾಲಾಗಿ ನಿಂತಿದ್ದರು. ಅವಳನ್ನು ಬಾ ಎಂದು ಯಾರೂ ಕರೆದಿರಲಿಲ್ಲ. ಬೇಡವೆಂದಲ್ಲ, ಯಾರಿಗೂ ನೆನಪಾಗಿರಲಿಲ್ಲ.

ಕೃಷ್ಣಪ್ಪ ಮಾತ್ರ ಒಂದು ಬೂದುಗುಂಬಳಕಾಯಿ, ಎರಡು ಮೊಳ ಹೂವು, ಕುಂಕುಮದ ಪೊಟ್ಟಣ ಹಿಡಿದು ಸ್ಟೋರ್ಸಿನೊಳಗೆ ಬಂದ.

"ಏಳವ್ವ, ಪೂಜೆ ಮಾಡಾನ."

"ಯಾವುದಕ್ಕ ಮಾಡೂದ್ರಿ? ಮಷೀನೇ ಇಲ್ಲಲ್ಲ."

"ನಿನ್ ಕಂಪೂಟ್ರು ಮಷೀನಲ್ವಾ? ತೂಕದ ಯಂತ್ರ ಐತೆ. ಅಗೋ ಆ ಸಾಮಾನು ತಳ್ಳೋ ಗಾಡಿ ಐತೆ. ನನ್ ಗೇಟೈತೆ. ಇನ್ನೇನ್ ಬೇಕು?"

ಒರೆಸಿ, ನೀರು ಚಿಮುಕಿಸಿ, ಹೂವು ಏರಿಸಿದರು. ಕೃಷ್ಣಪ್ಪ ಕುಂಕುಮದ ಪೊಟ್ಟಣ ಬಿಚ್ಚಿ ಅವಳ ಮುಂದೆ ಹಿಡಿದ. ಅವಳು ಹಿಂದೆ ಸರಿದಳು. ಇರಣ್ಣ ಹೋದ ಮೇಲೆ ಪೂಜೆಯ ದಿನ ಅವಳು ಯಾವಾಗಲೂ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದಳು. ನಿಲ್ಲೆಂದು ಯಾರೂ ಹೇಳಿರಲಿಲ್ಲ; ಮುಂದೆ ಬಾ ಎಂದೂ ಯಾರೂ ಹೇಳಿರಲಿಲ್ಲ.

"ನೀವ ಹಚ್ಚ್ರಿ" ಅಂದಳು.

"ದಿನಾ ಅದರ ಮುಂದೆ ಕೂತು ದುಡಿಯೋಳು ನೀನು. ನಾನ್ಯಾಕೆ ಇಕ್ಕಲಿ? ಇಲ್ಲಿ ನೋಡೋಕೆ ಇನ್ಯಾರವ್ರೆ? ಇಕ್ಕವ್ವ, ಏನಾಗಲ್ಲ."

ಶಿವಲಿಂಗಮ್ಮ ಕುಂಕುಮದಲ್ಲಿ ಬೆರಳದ್ದಿ ಪರದೆಯ ಮೇಲ್ತುದಿಗೆ ಇಟ್ಟಳು. ಆಮೇಲೆ ಕೀಲಿಮಣೆಗೆ. ಯಾರಿಗೂ ಹೇಳದೆ ಒಬ್ಬಳೇ ಗೋಡೆಯಾಚೆ ಹೋಗಿ, ಆ ಎಣ್ಣೆಯ ಕಪ್ಪು ಚೌಕಕ್ಕೂ ಒಂದು ಬೊಟ್ಟು ಇಟ್ಟು ಬಂದಳು. ಕೃಷ್ಣಪ್ಪ ಅಷ್ಟರಲ್ಲಿ ಗೇಟಿನ ಮುಂದೆ ಕುಂಬಳಕಾಯಿ ಒಡೆದಿದ್ದ. ಇಬ್ಬರೂ ಕಡ್ಲೆಪುರಿ ತಿಂದರು. ಹೊರಗೆ ಹೂವು ಕಟ್ಟಿದ ಆಟೋಗಳು ಒಂದರ ಹಿಂದೊಂದು ಹಾರ್ನು ಹೊಡೆದುಕೊಂಡು ಹೋಗುತ್ತಿದ್ದವು. ಇರಣ್ಣ ಹೋದ ಮೇಲೆ ಅವಳಿಗೆ ಹಬ್ಬವೆನಿಸಿದ್ದು ಆವತ್ತೇ ಮೊದಲು.

ದೀಪಾವಳಿ ಕಳೆದ ಮೇಲೆ ಅವಳಿಗೆ ಜ್ವರ ಬಂತು. ಬಾಗಲಗುಂಟೆಯಲ್ಲಿ ಆಗ ಮನೆಮನೆಗೂ ಡೆಂಗಿಯ ಮಾತು. ಕೀಲುಕೀಲು ಒಡೆದಂತಾಗಿ ಅವಳು ಚಾಪೆ ಬಿಟ್ಟು ಏಳಲಾರದಾದಳು. ಕೆಳಗಿನ ಮನೆಯಲ್ಲೇ ಮನೆ ಒಡತಿ ಭದ್ರಮ್ಮ ಇದ್ದಳು. ನಲ್ಲಿಯ ಹತ್ತಿರ ಅವಳು ಬಾಡಿಗೆಯವರನ್ನು ಗದರಿಸುವ ದನಿ ಮೇಲಿನವರೆಗೂ ಕೇಳುತ್ತಿತ್ತು. ಎದ್ದು ಹೋಗಿ ಕರೆಯಲು ಶಿವಲಿಂಗಮ್ಮನಿಗೆ ತ್ರಾಣವಿರಲಿಲ್ಲ. ಮಲಗಿದಲ್ಲಿಂದ ಕೂಗಲು ಮನಸ್ಸು ಬರಲಿಲ್ಲ. ಫೋನಿಗೆ ಹರ್ಷವರ್ಧನನ ಮೆಸೇಜು ಬಂತು: "ಮೇಡಂ, ಎಂಟ್ರಿ ಪೆಂಡಿಂಗ್ ತೋರಿಸ್ತಿದೆ, ನೋಡಿ." ಸ್ವಲ್ಪ ಹೊತ್ತಿಗೆ ಇನ್ನೊಂದು. ಅವಳು ಜ್ವರವೆಂದು ಬರೆದಳು. ಅವನು ಕೈಮುಗಿಯುವ ಚಿತ್ರ ಕಳಿಸಿ, ಹುಷಾರು ಎಂದ.

ಎರಡು ದಿನ ಅವಳು ಬಾರದಿರುವುದನ್ನು ಕಂಡು ಕೃಷ್ಣಪ್ಪ ವಿಳಾಸ ಕೇಳಿಕೊಂಡು ಹುಡುಕಿ ಬಂದ. ಕೈಯಲ್ಲಿ ಎಳನೀರು, ಪರಂಗಿ ಹಣ್ಣು, ಬಿಸಿ ಗಂಜಿಯ ಕ್ಯಾರಿಯರು. ಬಾಗಿಲು ತಟ್ಟಿ, ಸದ್ದಿಲ್ಲದ್ದು ನೋಡಿ, ತಾನೇ ನೂಕಿದ. ಅವಳ ಮುಖ ನೋಡಿದವನೇ ಕೆಳಗೋಡಿ ಆಟೋ ತಂದ. ಭುಜ ಹಿಡಿದು ಮೆಟ್ಟಿಲಿಳಿಸಿದ. ನರ್ಸಿಂಗ್ ಹೋಮಿನಲ್ಲಿ ರಕ್ತ ಪರೀಕ್ಷೆ ಮಾಡಿ, ಡ್ರಿಪ್ ಹಾಕಿ, ಸಂಜೆ ಕಳಿಸಿದರು. ಅವನು ಇಡೀ ಹೊತ್ತು ಬೆಂಚಿನ ಮೇಲೆ ಕೂತಿದ್ದ. ಮರಳಿ ಮೆಟ್ಟಿಲು ಹತ್ತಿಸುವಾಗ ಭದ್ರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಏನಾಗಿದೆ ಎಂದು ಕೇಳಲಿಲ್ಲ.

"ಇವ್ರ್ಯಾರು?" ಎಂದಳು ಅಷ್ಟೇ.

ಆ ವಾರವೆಲ್ಲ ಕೃಷ್ಣಪ್ಪ ಕೆಲಸ ಮುಗಿಸಿ ಹೋಗುವಾಗ ಗಂಜಿ ಕೊಟ್ಟು, ಬಾಗಿಲಲ್ಲೇ ನಿಂತು "ಎಂಗಿದೀಯವ್ವ?" ಎಂದು ಕೇಳಿ ಹೋಗುತ್ತಿದ್ದ. ಒಳಗೆ ಕೂತದ್ದೂ ಇಲ್ಲ.

ಅವಳು ಚೇತರಿಸಿಕೊಂಡು ಕೆಲಸಕ್ಕೆ ಹೋದ ಮೇಲೆ ಒಂದು ಮಧ್ಯಾಹ್ನ, ಇಬ್ಬರೂ ಡಬ್ಬಿ ಬಿಚ್ಚಿ ಕೂತಿದ್ದಾಗ, ಗೇಟಿನ ಮುಂದೆ ಸ್ಕೂಟರು ನಿಂತಿತು. ಇಳಿದವನು ಕೃಷ್ಣಪ್ಪನ ಮಗ ವಸಂತ್. ಇಸ್ತ್ರಿ ಮಾಡಿದ ಅಂಗಿ, ತಣ್ಣನೆಯ ಮುಖ. ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಉತ್ತರ ಕೊಡಲು ಸುಲಭವಾಗುತ್ತಿತ್ತೋ ಏನೋ.

"ಮೇಡಂ, ತಪ್ಪು ತಿಳ್ಕೋಬೇಡಿ. ನಮ್ಮಪ್ಪ ಈ ವಯಸ್ಸಲ್ಲಿ ದುಡೀಬೇಕಾಗಿಲ್ಲ. ಏರಿಯಾದಲ್ಲಿ ನಮ್ಮನ್ನ ಎಲ್ಲಾರಿಗೂ ಗೊತ್ತು. ನಿಮ್ಮ ಓನರು ಭದ್ರಮ್ಮ ನನ್ ಹೆಂಡ್ತಿ ಕಡೆ ದೂರದ ಸಂಬಂಧ ಆಗ್ಬೇಕು. ನಮ್ಮಪ್ಪ ಯಾರು ಅಂತ ವಿಚಾರಿಸಿ ತಿಳ್ಕೊಂಡಿದಾರೆ. ಫೋನ್ ಮಾಡಿ ಏನೇನೋ ಕೇಳ್ತಾರೆ. ನನ್ ಹೆಂಡ್ತಿಗೆ ಹೊರಗಡೆ ಮುಖ ತೋರ್ಸಕ್ಕಾಗ್ತಿಲ್ಲ."

ಶಿವಲಿಂಗಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಿವಿಯೆಲ್ಲ ಬಿಸಿಯಾಯಿತು. ಅವಳು ಕೃಷ್ಣಪ್ಪನ ಮುಖ ನೋಡಿದಳು. ಈಗ ಹೇಳುತ್ತಾನೆ, ಈಕೆ ನನ್ನ ಮಗಳಿದ್ದಂತೆ ಎಂದೋ, ಬಾಯಿ ಮುಚ್ಚೋ ಎಂದೋ ಈಗ ಹೇಳುತ್ತಾನೆ ಎಂದು ಕಾದಳು. ಕೃಷ್ಣಪ್ಪ ಡಬ್ಬಿಯ ಮುಚ್ಚಳ ಹಾಕಿದ. ಅದು ಸರಿಯಾಗಿ ಕೂರಲಿಲ್ಲ, ಇನ್ನೊಮ್ಮೆ ಒತ್ತಿದ. ಟವೆಲ್ಲು ಹೆಗಲಿಗೆ ಹಾಕಿಕೊಂಡು, ತಲೆ ತಗ್ಗಿಸಿ, ಮಗನ ಸ್ಕೂಟರಿನ ಹಿಂದೆ ಕೂತ. ಹೋಗುವಾಗ ತಿರುಗಿ ನೋಡಲಿಲ್ಲ. ಅವಳು ಡಬ್ಬಿ ಮುಂದಿಟ್ಟುಕೊಂಡು ಕೂತೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಲಾರಿಯೊಂದು ಬಂದು ಹಾರ್ನು ಹೊಡೆಯಿತು. ಎದ್ದು ಹೋಗಿ ಗೇಟು ತೆಗೆದಳು.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಭದ್ರಮ್ಮ ಎದುರಾದಳು. ಶಿವಲಿಂಗಮ್ಮ ಕೊಡವನ್ನು ಕೆಳಗಿಟ್ಟಳು.

"ಭದ್ರಮ್ನೋರ, ನನಗ ಜ್ವರ ಬಂದಾಗ ನೀವು ಕೆಳಗ ಇದ್ರಿ. ಅವ್ರು ಎಂಟನೇ ಮೈಲಿಂದ ಬಂದ್ರು. ನಾ ಸತ್ತಿದ್ರ ವಾಸನಿ ಬಂದಾಗ ಮ್ಯಾಲ ಹತ್ತಿ ಬರ್ತಿದ್ರೇನ?"

"ಅಯ್ಯೋ, ನಾನೇನಂದೆ ಈಗ? ನಾನ್ ಯಾರ್ ಮುಂದೆ ಏನಂದೆ?" ಎಂದು ಭದ್ರಮ್ಮ ಗಲಿಬಿಲಿಗೊಂಡಳು. "ಒಂಟಿ ಎಂಗ್ಸು, ನಾಳೆ ಏನಾದ್ರೂ ಆದ್ರೆ ನಮಗೇ ಕೆಟ್ಟೆಸ್ರು ಅಂತ ಒಂದ್ ಮಾತು ಕೇಳ್ದೆ. ಅದ್ನೇ ಇಷ್ಟುದ್ದ ಮಾಡ್ಬುಟ್ರಾ?"

ಶಿವಲಿಂಗಮ್ಮ ಕೊಡ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಜೀವಮಾನದಲ್ಲಿ ಅಷ್ಟು ಖಾರವಾಗಿ ಅವಳು ಯಾರಿಗೂ ಅಂದವಳಲ್ಲ. ಅಂದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಆ ಸಂಜೆ ಕೆಳಗಿನಿಂದ ಹಿತುಕಿದ ಅವರೆಬೇಳೆ ಸಾರಿನ ಘಮ ಬಂತು. ಮೊದಲಾದರೆ ಒಂದು ಬಟ್ಟಲು ಮೇಲಕ್ಕೆ ಬರುತ್ತಿತ್ತು. ಅವಳು ಕಿವಿಗೊಟ್ಟು ಕೂತಿದ್ದಳು. ಯಾರೂ ಬಾಗಿಲು ತಟ್ಟಲಿಲ್ಲ.

ಗೇಟಿಗೆ ಏಜೆನ್ಸಿಯವರು ಮಲ್ಲಿಕ್ ಎಂಬವನನ್ನು ಹಾಕಿದರು. ಒಡಿಶಾ ಕಡೆಯವನು, ಸಭ್ಯ ಮನುಷ್ಯ. ಅವನಿಗೆ ಕನ್ನಡ ಬಾರದು, ಅವಳಿಗೆ ಹಿಂದಿ ಅಷ್ಟಕ್ಕಷ್ಟೆ. ಬೆಳಿಗ್ಗೆ ಅವಳು ಒಳಗೆ ಬರುವಾಗ ಸೆಲ್ಯೂಟ್ ಹೊಡೆಯುತ್ತಿದ್ದ, ಸಂಜೆ ಹೋಗುವಾಗ ಇನ್ನೊಂದು. ಹಗಲೆಲ್ಲ ಫೋನು ಗಲ್ಲಕ್ಕೊತ್ತಿಕೊಂಡು ಊರಿನ ಹೆಂಡತಿಯ ಜೊತೆ ಮಾತಾಡುತ್ತಿದ್ದ. ತಿಳಿಯದ ಆ ಭಾಷೆಯ ಏರಿಳಿತ ಅವಳ ಮೇಜಿನವರೆಗೂ ಬರುತ್ತಿತ್ತು. ಯಾರೋ ಯಾರನ್ನೋ ಊಟವಾಯಿತೇ ಎಂದು ಕೇಳುತ್ತಿದ್ದಾರೆ ಎಂದಷ್ಟೇ ಅವಳು ಊಹಿಸಿಕೊಳ್ಳುತ್ತಿದ್ದಳು. ಊಟದ ಡಬ್ಬಿ ಮತ್ತೆ ಒಳಗೆ ಬಂತು. ರ‍್ಯಾಕುಗಳು ಖಾಲಿಯಾದಂತೆ ಶೆಡ್ಡು ಇನ್ನಷ್ಟು ದೊಡ್ಡದಾಯಿತು; ಪೆನ್ನು ಬಿದ್ದರೂ ಮೂಲೆಮೂಲೆಯಿಂದ ಸದ್ದು ಮರಳಿ ಬರುತ್ತಿತ್ತು. ಪರದೆಯ ಮೇಲೆ ಒಂದೊಂದು ಸಾಮಾನಿನ ಮುಂದೆಯೂ ಸೊನ್ನೆ ಮೂಡತೊಡಗಿತು. ಸಿಟ್ಟು ಯಾರ ಮೇಲೆ ಎಂದು ಅವಳು ಎಷ್ಟೋ ಸಲ ಕೇಳಿಕೊಂಡಳು. ವಸಂತನ ಮೇಲಲ್ಲ. ಭದ್ರಮ್ಮನ ಮೇಲೂ ಅಷ್ಟಿಲ್ಲ. ಒಂದು ಮಾತು ಆಡಬಹುದಾಗಿದ್ದ ಕೃಷ್ಣಪ್ಪನ ಮೇಲೆ. ಅದೂ ಸಿಟ್ಟಲ್ಲ, ಗಂಟಲಲ್ಲಿ ಸಿಕ್ಕಿಕೊಂಡ ರೊಟ್ಟಿ ಚೂರಿನ ಹಾಗೆ ಏನೋ ಒಂದು.

ಸಂಕ್ರಾಂತಿ ಕಳೆದು ಕೊನೆಯ ಲಾರಿ ತುಂಬಿತು. ಆವತ್ತು ಹರ್ಷವರ್ಧನ್ ತಾನೇ ಬಂದಿದ್ದ. ಖಾಲಿ ಶೆಡ್ಡಿನಲ್ಲಿ ಒಂದು ಸುತ್ತು ಹಾಕಿ, ಕಂಪ್ಯೂಟರಿನ ವೈರು ಬಿಚ್ಚಿಸಿ ಪೆಟ್ಟಿಗೆಗೆ ಹಾಕಿಸಿದ.

"ಸೂಪರ್ ಮೇಡಂ, ಎಲ್ಲಾ ಕ್ಲೀನಾಗಿ ಮುಗೀತು. ಸೋಮವಾರದಿಂದ ಅಲ್ಲಿಗೆ ಬಂದ್ಬಿಡಿ. ನಿಮಗೆ ಸೀಟ್ ರೆಡಿ ಇದೆ. ಬಸ್ಸು ಎಂಟನೇ ಮೈಲಿಗೆ ಬೆಳಿಗ್ಗೆ ಬೇಗ ಬರುತ್ತೆ, ಮಿಸ್ ಮಾಡ್ಕೋಬೇಡಿ." ಆಮೇಲೆ ಏನೋ ನೆನಪಾದವನಂತೆ, "ಒಬ್ರೇ ಬೋರಾಗ್ಲಿಲ್ವಾ ಇಷ್ಟು ದಿನ?" ಎಂದು ಕೇಳಿದ.

"ಇಲ್ರಿ ಸರ್" ಅಂದಳು ಶಿವಲಿಂಗಮ್ಮ. ಅವನ ಫೋನು ಆಗಲೇ ಹೊಡೆದುಕೊಳ್ಳುತ್ತಿತ್ತು.

ಕೆಲಸ ಉಳಿಯಿತು. ಕ್ಯಾಂಟೀನಿನ ಮಾತು ಸುಳ್ಳಾಯಿತು. ಸಂತೋಷಪಡಬೇಕೆಂದುಕೊಂಡಳು, ಆದರೆ ಆ ಸುದ್ದಿಯನ್ನು ಹೇಳಲು ಒಂದು ಮುಖ ಬೇಕಾಗಿತ್ತು. ಭಾನುವಾರ ಬೆಳಿಗ್ಗೆ ತಲೆಗೆ ಎರೆದುಕೊಂಡು, ಹಣೆಗೆ ವಿಭೂತಿ ಹಚ್ಚಿ, ಒಳ್ಳೆಯ ಸೀರೆಯುಟ್ಟಳು. ಭದ್ರಮ್ಮನ ಕಣ್ಣೆದುರೇ ಗೇಟು ದಾಟಿ ಎಂಟನೇ ಮೈಲಿಗೆ ನಡೆದಳು. ದಾರಿಯಲ್ಲಿ ಸೀಬೆಹಣ್ಣು ಕೊಂಡಳು. ಹಗಲು ಹೊತ್ತು, ಎಲ್ಲರೂ ನೋಡುವಂತೆ, ಕೃಷ್ಣಪ್ಪನ ಮನೆ ಯಾವುದೆಂದು ಕೇಳಿಕೊಂಡು ಹೋದಳು.

ಬಾಗಿಲು ತೆರೆದದ್ದು ಸೊಸೆ ಬಿಂದುಶ್ರೀ. ಇವಳು ಹೆಸರು ಹೇಳಿದೊಡನೆ ಅವಳ ಮುಖದಲ್ಲಿ ಏನೋ ಹಾದುಹೋಯಿತು. ಆದರೂ ಒಳಗೆ ಕರೆದು, ಸೋಫಾದ ಮೇಲೆ ಕೂರಿಸಿ, ನೀರು ಕೊಟ್ಟಳು.

"ಮಾವ ಮೇಲಿದ್ದಾರೆ. ಬಿಪಿ ಜಾಸ್ತಿ ಆಗಿ ಹೊರಗಡೆ ಅಷ್ಟು ಹೋಗಲ್ಲ ಆಂಟಿ. ಕರೀತೀನಿ."

ಕೃಷ್ಣಪ್ಪ ಮೆಟ್ಟಿಲಿಳಿದು ಬಂದ. ಖಾಕಿಯಿಲ್ಲದೆ, ಬಿಳಿ ಬನಿಯನ್, ಪಂಚೆಯಲ್ಲಿ ಅವನು ಇನ್ಯಾರೋ ಆಗಿ ಕಂಡ. ಇವಳನ್ನು ನೋಡಿ ನಿಂತ. ಸೊಸೆಯ ಕಡೆ ನೋಡಿದ. ಆಮೇಲೆ ಎದುರಿನ ಕುರ್ಚಿಯ ತುದಿಯಲ್ಲಿ ಕೂತ. ಟಿವಿಯಲ್ಲಿ ಮೊಮ್ಮಕ್ಕಳ ಕಾರ್ಟೂನು ಓಡುತ್ತಿತ್ತು.

"ಸ್ಟೋರ್ಸು ಖಾಲಿ ಆತ್ರಿ" ಅಂದಳು. "ನಾಳಿಂದ ವಸಂತನರಸಾಪುರಕ್ಕ ಹೊಂಟೀನಿ. ಹೇಳಿ ಹೋಗೂಣಂತ ಬಂದೆ."

"ಕೆಲ್ಸದಲ್ಲಿ ಇಟ್ಕೊಂಡ್ರಾ? ಒಳ್ಳೇದಾಯ್ತು. ಒಳ್ಳೇದಾಯ್ತು ಬುಡು."

ಗೇಟಿನ ಮೆಟ್ಟಿಲ ಮೇಲಾಗಿದ್ದರೆ ಹೋಗುವ ಲಾರಿಯೇ ಒಂದು ಮಾತು ಎತ್ತಿಕೊಡುತ್ತಿತ್ತು. ಬಿಂದುಶ್ರೀ ಕಾಫಿ ತರಲು ಒಳಗೆ ಹೋದಾಗ ಕೃಷ್ಣಪ್ಪ ಮುಂದಕ್ಕೆ ಬಾಗಿದ.

"ಅವತ್ತು ನಾನು ಮಾತಾಡ್ಬೇಕಿತ್ತು ಕಣವ್ವ. ನಾಲ್ಗೆ ಬರ್ಲಿಲ್ಲ. ಅವ್ನು ಆಕೋ ಅನ್ನ ಉಣ್ಣೋನು ನಾನು. ಮನೆ ನಂದೇ, ಆದ್ರೂ ಅಂಗೇ."

ಶಿವಲಿಂಗಮ್ಮನಿಗೆ ಇಷ್ಟು ದಿನ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು.

"ಗೊತ್ತೈತ್ರಿ" ಅಂದಳು. "ನಿಮ್ಮ ಗಂಜಿ ಕುಡದ ನಾ ಎದ್ದೀನಿ. ಅದನ್ನ ಹೇಳಾಕ ಬಂದೆ. ಬಿಪಿ ಗುಳಗಿ ತಪ್ಪಿಸಬ್ಯಾಡ್ರಿ."

ಕಾಫಿ ಬಂತು. ಕುಡಿದರು. ಬಿಂದುಶ್ರೀ "ಬರ್ತಾ ಇರಿ ಆಂಟಿ" ಅಂದಳು. ಆ ದನಿಯಲ್ಲಿ ಮುಳ್ಳಿರಲಿಲ್ಲ, ಕರೆಯೂ ಇರಲಿಲ್ಲ. ಬರುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

ಸೋಮವಾರ ಇನ್ನೂ ಬೆಳಕು ಹರಿಯುವ ಮುಂಚೆ ಎಂಟನೇ ಮೈಲಿಯಲ್ಲಿ ಕಂಪನಿ ಬಸ್ಸು ನಿಂತಿತು. ಹಳೆಯ ಗೆಳತಿಯರು "ಅಯ್ಯೋ ಶಿವಮ್ಮ, ಎಷ್ಟು ಸೊರಗಿದೀಯಾ!" ಎಂದು ಒಂದು ಕ್ಷಣ ಕೈಹಿಡಿದು, ತಮ್ಮ ತಮ್ಮ ಜೋಡಿಯ ಸೀಟಿಗೆ ಮರಳಿದರು. ಹೋದ ಬೇಸಿಗೆಯಿಂದ ಅವರಿಗೆ ಅವರದೇ ಮಾತು, ಅವರದೇ ನಗೆ ಬೆಳೆದಿತ್ತು. ಅವಳು ಹಿಂದೆ ಹೋಗಿ ಕಿಟಕಿಯ ಪಕ್ಕ ಕೂತಳು. ಮುಂದಿನ ನಿಲ್ದಾಣದಲ್ಲಿ ಹತ್ತಿದ ಹೆಂಗಸೊಬ್ಬಳು ಅವಳ ಪಕ್ಕ ಬಂದು ಕೂತಳು. ಜೋಡಣೆ ವಿಭಾಗಕ್ಕೆ ಹೊಸದಾಗಿ ಸೇರಿದವಳಿರಬೇಕು. ಶಿವಲಿಂಗಮ್ಮ ಅವಳನ್ನು ಹಿಂದೆ ನೋಡಿರಲಿಲ್ಲ. ಹೆಸರು ಕೇಳೋಣವೆಂದು ತಿರುಗುವಷ್ಟರಲ್ಲಿ ಆಕೆಗೆ ಆಗಲೇ ಜೊಂಪು ಹತ್ತಿತ್ತು.

ನೆಲಮಂಗಲ ದಾಟುವಾಗ ಆ ಹೆಂಗಸಿನ ತಲೆ ಮೆಲ್ಲಗೆ ವಾಲಿ ಶಿವಲಿಂಗಮ್ಮನ ಹೆಗಲ ಮೇಲೆ ಬಂತು. ಕೂದಲಲ್ಲಿ ಕೊಬ್ಬರಿ ಎಣ್ಣೆಯ ವಾಸನೆ. ಎಷ್ಟೋ ಕಾಲದಿಂದ ಯಾವ ತಲೆಯ ಭಾರವನ್ನೂ ಆ ಹೆಗಲು ಹೊತ್ತಿರಲಿಲ್ಲ. ಹೊರಗೆ ಮಂಜಿನಲ್ಲಿ ಲಾರಿಗಳ ದೀಪಗಳು ಹಾದುಹೋಗುತ್ತಿದ್ದವು. ಕೈ ಜೋಮು ಹಿಡಿಯಿತು. ತುಮಕೂರು ಬರುವವರೆಗೂ ಅವಳು ಅಲುಗಾಡಲಿಲ್ಲ.